ಜಲಾಶಯದ ಆರೋಗ್ಯವನ್ನು ಸೂಕ್ಷ್ಮಪಾಚಿಗಳಿಂದ ಓದುವ ಬಗೆ: ದೋಣಿಯಿಂದ ದಾಖಲೆ ಪುಸ್ತಕದವರೆಗೆ

ಪ್ರಯೋಗಾಲಯದ ವರದಿಯಲ್ಲಿ ಒಂದು ಸಾಲು ಇರುತ್ತದೆ: ಕ್ಲೋರೋಫಿಲ್-ಎ, ಅಂದರೆ ಪಾಚಿಯ ಹಸಿರು ಬಣ್ಣದ್ರವ್ಯ, ಲೀಟರಿಗೆ 8 ಮೈಕ್ರೋಗ್ರಾಂ. ಇದು ಒಳ್ಳೆಯದೋ ಕೆಟ್ಟದ್ದೋ? ಈ ಅಂಕಿಯೊಂದನ್ನೇ ಹಿಡಿದುಕೊಂಡು ಯಾರೂ ಉತ್ತರ ಹೇಳಲಾರರು. ಆ 8 ಮೈಕ್ರೋಗ್ರಾಂ ನಕ್ಷತ್ರದಾಕಾರದ ಆಸ್ಟೀರಿಯೊನೆಲ್ಲಾ ಎಂಬ, ಗಾಜಿನಂಥ ಕವಚದ ಪಾಚಿಯಾದ ಡಯಾಟಮ್‌ನದ್ದಾದರೆ, ಶುದ್ಧೀಕರಣ ಘಟಕದ ಮರಳಿನ ಹಾಸು ಬೇಗ ಕಟ್ಟಿಕೊಂಡೀತು, ಅಷ್ಟೇ. ರಾಫಿಡಿಯಾಪ್ಸಿಸ್ ಎಂಬ ಎಳೆಯಂಥ ನೀಲಿ-ಹಸಿರು ಪಾಚಿಯದ್ದಾದರೆ, ಮೇಲೆ ಹಾವಸೆಯೇ ಕಟ್ಟದೆ, ತಿಳಿಯಾಗಿಯೇ ಕಾಣುತ್ತ, ಯಕೃತ್ತಿಗೆ ವಿಷವಾಗಬಲ್ಲ ನೀರು ಅದು. ಅಂಕಿ ಎರಡರಲ್ಲೂ ಒಂದೇ.

ಪಾಚಿಯ ಪ್ರಮಾಣ ಅಳೆಯಲು ಯಂತ್ರಗಳಿವೆ. ಅಲ್ಲಿ ಯಾರ ಗುಂಪು ಸೇರಿದೆ ಎಂದು ತಿಳಿಯಲು ಮಾತ್ರ ಸೂಕ್ಷ್ಮದರ್ಶಕದ ಮುಂದೆ ಕೂರಲೇಬೇಕು. ಈ ಮಾರ್ಗದರ್ಶಿ ಮುಖ್ಯವಾಗಿ ಆ ಕೂರುವ ಕೆಲಸದ ಬಗ್ಗೆ, ಮತ್ತು ಅಲ್ಲಿಗೆ ಬರುವ ಬಾಟಲಿ ನಂಬಿಕೆಗೆ ಅರ್ಹವಾಗಿರುವಂತೆ ನೋಡಿಕೊಳ್ಳುವ ಬಗ್ಗೆ.

ಪಾಚಿಯೇ ಏಕೆ

ನೀರಿನಲ್ಲಿ ತೇಲುವ ಸೂಕ್ಷ್ಮಪಾಚಿಗಳು, ಅಂದರೆ ಸಸ್ಯಪ್ಲವಕಗಳು, ಅನುಕೂಲ ಸಿಕ್ಕರೆ ಒಂದೆರಡು ದಿನಕ್ಕೊಮ್ಮೆ ಇಬ್ಭಾಗವಾಗುತ್ತವೆ. ನೀರಿಗೆ ಗೊಬ್ಬರ ಸೇರಿದ ಸುದ್ದಿ ಮೀನಿನ ಸಂಖ್ಯೆಯಲ್ಲಿ ಕಾಣಲು ವರ್ಷಗಳು ಬೇಕು. ಪಾಚಿಯಲ್ಲಿ ಎರಡು ವಾರ ಸಾಕು. ಇನ್ನೊಂದು ಕಡೆ, ರಾಸಾಯನಿಕ ಪರೀಕ್ಷೆ ಆ ಕ್ಷಣದ ಚಿತ್ರ ಮಾತ್ರ ಕೊಡುತ್ತದೆ. ಪಾಚಿ ಉಕ್ಕಿ ಬೆಳೆದಿರುವಾಗ ಕರಗಿದ ರಂಜಕವನ್ನು ಅಳೆದರೆ ಬಹುತೇಕ ಸೊನ್ನೆ ಬರಬಹುದು, ಏಕೆಂದರೆ ಇದ್ದದ್ದೆಲ್ಲ ಪಾಚಿಯ ಹೊಟ್ಟೆ ಸೇರಿರುತ್ತದೆ. ಆ ವರದಿ ನೋಡಿ "ರಂಜಕ ಇಲ್ಲ, ನೀರು ಚೆನ್ನಾಗಿದೆ" ಎಂದು ಷರಾ ಬರೆದವರನ್ನು ನಾನು ಕಂಡಿದ್ದೇನೆ. ಒಟ್ಟು ರಂಜಕವನ್ನೇ ಅಳೆಸಬೇಕು.

ಜೀವಿಗಳನ್ನು ನೋಡಿ ನೀರಿನ ಗುಣ ಹೇಳುವ ವಿದ್ಯೆ ಹೊಸದಲ್ಲ. ಜರ್ಮನಿಯ ಕೊಲ್ಕ್‌ವಿಟ್ಸ್ ಮತ್ತು ಮಾರ್ಸನ್ 1908ರಲ್ಲೇ ಕೊಳಚೆ ತಾಳುವ ಸಸ್ಯಜೀವಿಗಳ ಪಟ್ಟಿ ಮಾಡಿದ್ದರು. ಯುರೋಪಿಯನ್ ಒಕ್ಕೂಟ 2000ದಲ್ಲಿ ತಂದ ಜಲ ಚೌಕಟ್ಟು ನಿರ್ದೇಶನ ಕೆರೆ-ಜಲಾಶಯಗಳ ಸ್ಥಿತಿ ನಿರ್ಣಯಕ್ಕೆ ಸಸ್ಯಪ್ಲವಕಗಳನ್ನು ಕಡ್ಡಾಯ ಮಾಡಿತು. ಅದೇ ಕಾನೂನಿನಲ್ಲಿ ಒಂದು ಜಾಣತನವೂ ಇದೆ. ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರಿಗೆ "ಸಹಜ ಸ್ಥಿತಿ" ಎಂಬುದೇ ಇಲ್ಲ, ಆದ್ದರಿಂದ ಇಂಥ ನೀರನ್ನು ಅದರ "ಪರಿಸರ ಸಾಮರ್ಥ್ಯ"ಕ್ಕೆ ಹೋಲಿಸಿ ಅಳೆಯಿರಿ ಎನ್ನುತ್ತದೆ ಅದು. ಅಂದರೆ ನಿಮ್ಮ ಜಲಾಶಯವನ್ನು ಬೆಟ್ಟದ ತಿಳಿಕೊಳದ ಜೊತೆ ಹೋಲಿಸಿ ನಿರಾಶರಾಗಬೇಕಿಲ್ಲ. ಅದೇ ಬಗೆಯ, ಚೆನ್ನಾಗಿ ನೋಡಿಕೊಂಡ ಇನ್ನೊಂದು ಜಲಾಶಯದ ಜೊತೆ, ಅಥವಾ ಅದರದೇ ಹಳೆಯ ದಾಖಲೆಯ ಜೊತೆ ಹೋಲಿಸಿದರೆ ಸಾಕು.

ಹಂತ 1: ಎಲ್ಲಿ, ಯಾವಾಗ

ಜಲಾಶಯ ಅರ್ಧ ಹೊಳೆ, ಅರ್ಧ ಕೆರೆ. ನದಿ ಬಂದು ಸೇರುವ ಹಿನ್ನೀರಿನಲ್ಲಿ ನೀರು ಕದಡಿ ಬಗ್ಗಡವಾಗಿರುತ್ತದೆ. ಪೋಷಕಾಂಶ ಹೇರಳ, ಬೆಳಕು ಕಡಿಮೆ. ನಡುವಿನ ಭಾಗದಲ್ಲಿ ಹೂಳು ಕೆಳಗಿಳಿಯುತ್ತದೆ, ಬೆಳಕು ಒಳಹೋಗುತ್ತದೆ, ಪೋಷಕಾಂಶ ಇನ್ನೂ ಉಳಿದಿರುತ್ತದೆ. ಪಾಚಿ ಅತಿ ಹೆಚ್ಚಾಗಿ ಬೆಳೆಯುವುದು ಹೆಚ್ಚಾಗಿ ಇಲ್ಲೇ. ಅಣೆಕಟ್ಟಿನ ಬಳಿ ನೀರು ಆಳ, ತಿಳಿ, ಕೆರೆಯಂತೆ. ಹಾಗಾಗಿ ಮೂರೂ ಕಡೆ ಒಂದೊಂದು ಜಾಗ ಗುರುತಿಸಿ. ಒಂದೇ ಜಾಗಕ್ಕೆ ಮಾತ್ರ ಶಕ್ತಿಯಿದ್ದರೆ ಅಣೆಕಟ್ಟಿನ ಬಳಿಯ ಆಳದ ಭಾಗವನ್ನು ಆರಿಸಿ. ಆದರೆ ಗೋಡೆಗೆ ಅಂಟಿಕೊಂಡಂತೆ ಬೇಡ, ತೂಬಿನ ಸೆಳೆತದಿಂದ ದೂರ, ಒಂದಿನ್ನೂರು ಮೀಟರ್ ಒಳಗೆ ಹೋಗಿ. ಜಿಪಿಎಸ್ ಗುರುತು ಬರೆದಿಟ್ಟುಕೊಂಡು ಪ್ರತಿಸಲವೂ ಅಲ್ಲಿಗೇ ಹೋಗಿ.

ದಡದಿಂದ ಬಕೆಟ್ ಎಸೆದು ತೆಗೆದ ನೀರು ಇಡೀ ಜಲಾಶಯದ ಪರವಾಗಿ ಮಾತಾಡುವುದಿಲ್ಲ. ಇದನ್ನು ನಾನು ಕಲಿತದ್ದು ಮುಖಭಂಗವಾದ ಮೇಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಾಳಿ ಬೀಸುವ ಕೊನೆಯ ಮೂಲೆಯಲ್ಲಿ ಬೆಳಗ್ಗೆ ಏಳಕ್ಕೆ ನೀರು ತುಂಬಿಕೊಂಡು ಹೋದೆ. ಎಣಿಕೆ ಗಾಬರಿ ಹುಟ್ಟಿಸುವಷ್ಟಿತ್ತು, ಎಲ್ಲರಿಗೂ ಫೋನ್ ಹೋಯಿತು. ಮಧ್ಯಾಹ್ನ ದೋಣಿಯಲ್ಲಿ ನಡುನೀರಿಗೆ ಹೋಗಿ ತೆಗೆದದ್ದರಲ್ಲಿ ಅದರ ನೂರರಲ್ಲೊಂದು ಪಾಲೂ ಇರಲಿಲ್ಲ. ಗಾಳಿ ರಾತ್ರಿಯಿಡೀ ಹಾವಸೆಯನ್ನು ತಳ್ಳಿತಂದು ಆ ಮೂಲೆಯಲ್ಲಿ ಗುಡ್ಡೆ ಹಾಕಿತ್ತು. ದಡದ ಮಾದರಿಗೂ ಬೆಲೆಯಿದೆ: ಜನ ಇಳಿಯುವ, ದನ ಕುಡಿಯುವ ಜಾಗದ ಅಪಾಯ ಅಳೆಯಲು ಅದೇ ಬೇಕು. ಆದರೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಎಷ್ಟು ಸಲ? ಬೆಚ್ಚಗಿನ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ. ಹೊತ್ತು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ಪ್ರತಿಸಲವೂ ಹೆಚ್ಚುಕಡಿಮೆ ಅದೇ ಗಂಟೆ. ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ತೇಲುತ್ತ ಮುಳುಗುತ್ತ ಇರುತ್ತದೆ, ಸೆರಾಟಿಯಂ ಎಂಬ ಕೊಂಬಿನ ಪಾಚಿ ದಿನಕ್ಕೆ ಹಲವು ಮೀಟರ್ ಮೇಲೆ ಕೆಳಗೆ ಈಜುತ್ತದೆ. ಗಂಟೆ ಬದಲಾದರೆ ಎಣಿಕೆಯೂ ಬದಲಾಗುತ್ತದೆ. ವರ್ಷಕ್ಕೊಮ್ಮೆ ಮಾತ್ರ ಮಾದರಿ ತೆಗೆಯುವ ಯೋಜನೆಯಾದರೆ, ನನ್ನ ಮಟ್ಟಿಗೆ, ದೋಣಿಯ ಇಂಧನ ಉಳಿಸುವುದೇ ಮೇಲು.

ಹಂತ 2: ನೀರಿನ ಮೇಲೆ ಮಾಡುವ ಕೆಲಸ

ಮೊದಲು ಸೆಕ್ಕಿ ತಟ್ಟೆ. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದ ತಿಳಿತನ ಅಳೆಯಲು ಬಳಸಿದ ಈ ಸಾಧನ ಇಂದಿಗೂ ಕೈಕೊಟ್ಟಿಲ್ಲ. ಸಿಹಿನೀರಿಗೆ 20 ಸೆಂಟಿಮೀಟರ್ ಅಗಲದ, ಕಪ್ಪು-ಬಿಳಿ ನಾಲ್ಕು ಹೋಳಿನ ತಟ್ಟೆ ರೂಢಿಯಲ್ಲಿದೆ. ದೋಣಿಯ ನೆರಳಿನ ಬದಿಯಲ್ಲಿ ಇಳಿಬಿಡಿ, ತಂಪು ಕನ್ನಡಕ ತೆಗೆದಿಡಿ. ಕಾಣದಾದ ಆಳ, ಮತ್ತೆ ಎಳೆಯುವಾಗ ಕಂಡ ಆಳ, ಎರಡರ ಸರಾಸರಿ ಬರೆದುಕೊಳ್ಳಿ. ಹಗ್ಗ ನೆನೆದು ಹಿಗ್ಗುತ್ತದೆ, ವರ್ಷಕ್ಕೊಮ್ಮೆ ಅಳತೆಪಟ್ಟಿಯ ಜೊತೆ ತಾಳೆ ನೋಡಿ.

ಆ ಆಳವನ್ನು ಎರಡೂವರೆಯಿಂದ ಗುಣಿಸಿದರೆ ಪಾಚಿ ಬೆಳೆಯಲು ಬೆಳಕು ಸಾಲುವ ಪದರದ ದಪ್ಪ ಅಂದಾಜಾಗಿ ಸಿಗುತ್ತದೆ. ತಟ್ಟೆ 2 ಮೀಟರಿಗೆ ಮರೆಯಾದರೆ ಮೇಲಿನ 5 ಮೀಟರ್ ನೀರನ್ನು ನೀವು ಮಾದರಿಯಾಗಿ ತರಬೇಕು. ಇದಕ್ಕೆ ಸರಳ ಉಪಾಯ ಕೊಳವೆ: ತುದಿಗೆ ಭಾರ ಕಟ್ಟಿದ ಉದ್ದನೆಯ ಪ್ಲಾಸ್ಟಿಕ್ ಕೊಳವೆಯನ್ನು ನೆಟ್ಟಗೆ ಇಳಿಸಿ, ಮೇಲ್ತುದಿ ಮುಚ್ಚಿ, ಕೆಳತುದಿಗೆ ಕಟ್ಟಿದ ದಾರ ಹಿಡಿದು ಎಳೆದುಕೊಂಡರೆ ಇಡೀ ಪದರದ ನೀರು ಒಮ್ಮೆಲೇ ಬರುತ್ತದೆ. ಅದನ್ನು ಬಕೆಟ್ಟಿಗೆ ಸುರಿದು, ಮೆಲ್ಲಗೆ ಕಲಕಿ, ಬಾಟಲಿಗಳಿಗೆ ಹಂಚಿ. ಇದರ ಜೊತೆಗೆ ಪ್ರತಿ ಮೀಟರಿನ ಉಷ್ಣತೆ ಮತ್ತು ಕರಗಿದ ಆಮ್ಲಜನಕ ಬರೆದುಕೊಳ್ಳಿ. ಮೇಲೆ ಬೆಚ್ಚಗಿನ ಪದರ, ಕೆಳಗೆ ತಣ್ಣಗಿನ ಪದರ ಬೇರೆಬೇರೆಯಾಗಿ ನಿಂತಿದೆಯೇ ಎಂಬುದು ಗೊತ್ತಾಗದೆ ಪಾಚಿಯ ಪಟ್ಟಿ ಓದಲು ಕೂತರೆ ಅರ್ಧ ಅರ್ಥ ತಪ್ಪಿಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ. ಪ್ಲಾಂಕ್ಟೊತ್ರಿಕ್ಸ್ ರುಬೆಸೆನ್ಸ್ ಎಂಬ ಕೆಂಪು ಛಾಯೆಯ ಎಳೆಪಾಚಿ ಬೆಚ್ಚಗಿನ ಪದರ ಮುಗಿದು ತಣ್ಣಗಿನದು ಶುರುವಾಗುವ ಗಡಿಯಲ್ಲಿ, ಮಬ್ಬು ಬೆಳಕಿನಲ್ಲಿ, ಹಾಸಿಗೆ ಹಾಸಿದಂತೆ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಏನೂ ಇಲ್ಲ. ನೀರೆಳೆಯುವ ತೂಬು ಅದೇ ಆಳದಲ್ಲಿದ್ದರೆ ಪಾಚಿಯೆಲ್ಲ ಸೀದಾ ಘಟಕಕ್ಕೆ. ತೂಬಿನ ಆಳದಿಂದ ಪ್ರತ್ಯೇಕವಾಗಿ ಒಂದು ಬಾಟಲಿ ತೆಗೆಯುವುದನ್ನು ಮರೆಯಬೇಡಿ.

ಬಾಟಲಿಗಳು ಮೂರು ಬೇಕು.

ಒಂದು, ಎಣಿಕೆಗೆ. ಕಂದು ಗಾಜಿನ ಬಾಟಲಿ, 250ರಿಂದ 500 ಮಿಲಿಲೀಟರ್, ಜಾಗದಲ್ಲೇ ಲೂಗಾಲ್ ದ್ರಾವಣ ಹಾಕಬೇಕು. ದ್ರಾವಣ ನೀವೇ ಮಾಡಿಕೊಳ್ಳಬಹುದು: 200 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿಗೆ 20 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, ಅದು ಕರಗಿದ ಮೇಲೆ 10 ಗ್ರಾಂ ಅಯೋಡಿನ್, ಕೊನೆಗೆ 20 ಮಿಲಿಲೀಟರ್ ಗ್ಲೇಸಿಯಲ್ ಅಸಿಟಿಕ್ ಆಮ್ಲ. ಅನುಕ್ರಮ ಬದಲಿಸಿದರೆ ಅಯೋಡಿನ್ ಕರಗದೆ ತಳದಲ್ಲೇ ಕೂರುತ್ತದೆ. 100 ಮಿಲಿಲೀಟರ್ ನೀರಿಗೆ ಅರ್ಧದಿಂದ ಒಂದು ಮಿಲಿಲೀಟರ್, ನೀರು ತೆಳು ಚಹಾದ ಬಣ್ಣಕ್ಕೆ ತಿರುಗುವಷ್ಟು. ಪಾಚಿ ದಟ್ಟವಾಗಿದ್ದರೆ ಇನ್ನಷ್ಟು ಬೇಕು. ಅಯೋಡಿನ್ ಪಾಚಿಗೆ ತೂಕ ಕೊಟ್ಟು ತಳಕ್ಕೆ ಇಳಿಸುತ್ತದೆ, ಈಜುಬಾಲಗಳನ್ನೂ ಬಹುಮಟ್ಟಿಗೆ ಉಳಿಸುತ್ತದೆ.

ಎರಡು, ಜೀವಂತ ಮಾದರಿ. ಏನೂ ಬೆರೆಸದೆ, ಬಾಟಲಿ ಪೂರ್ತಿ ತುಂಬದೆ, ತಣ್ಣಗಿನ ಪೆಟ್ಟಿಗೆಯಲ್ಲಿ. ಲೂಗಾಲ್ ಎಲ್ಲವನ್ನೂ ಕಂದು ಮಾಡಿಬಿಡುತ್ತದೆ, ಹಸಿರು ಯಾವುದು, ನೀಲಿ-ಹಸಿರು ಯಾವುದು ಎಂಬ ಬಣ್ಣದ ಸುಳಿವು ಹೋಗುತ್ತದೆ. ಗುರುತಿಸುವ ಕೆಲಸಕ್ಕೆ ಜೀವಂತ ಮಾದರಿಯೇ ಬೇಕು, ಅದೂ ಆ ದಿನವೇ. 10 ಅಥವಾ 20 ಮೈಕ್ರೋಮೀಟರ್ ಕಣ್ಣಿನ ಪ್ಲವಕ ಬಲೆ ಎಳೆದು ತಂದದ್ದೂ ಈ ಕೆಲಸಕ್ಕೆ ಒಳ್ಳೆಯದು. ಬಲೆಯ ಮಾದರಿಯನ್ನು ಎಣಿಸಲು ಮಾತ್ರ ಹೋಗಬೇಡಿ. ಸಣ್ಣವೆಲ್ಲ ಕಣ್ಣಿನಿಂದ ಜಾರಿಹೋಗಿ, ದೊಡ್ಡವು ಮಾತ್ರ ಸಿಕ್ಕಿರುತ್ತವೆ.

ಮೂರು, ಕ್ಲೋರೋಫಿಲ್‌ಗೆ ಒಂದು ಲೀಟರ್, ಕತ್ತಲಲ್ಲಿ, ತಣ್ಣಗೆ.

ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ನೆನೆದರೆ ಹರಡುತ್ತದೆ, ಅಸಿಟೋನ್ ತಾಗಿದರಂತೂ ಅಳಿಸಿಯೇ ಹೋಗುತ್ತದೆ. ಹಾವಸೆ ಕಟ್ಟಿದ್ದರೆ ಕೈಗವಸು ಕಡ್ಡಾಯ, ಅದರ ತುಂತುರು ಮೂಗು-ಬಾಯಿಗೆ ಸೋಕದಂತೆ ನೋಡಿಕೊಳ್ಳಿ.

ಹಂತ 3: ಒಂದು ರಾತ್ರಿ, ಒಂದು ಸಿರಿಂಜ್

ಪ್ರಯೋಗಾಲಯಕ್ಕೆ ಹೋಗುವ ಮೊದಲೇ ಎರಡು ಕೈಚಳಕದ ಪರೀಕ್ಷೆಗಳಿವೆ. ದುಬಾರಿ ಯಂತ್ರ ಇದ್ದವರೂ ಇವನ್ನು ಮಾಡಬೇಕು ಎಂಬುದು ನನ್ನ ಹಟ.

ಅಗಲ ಬಾಯಿಯ ಗಾಜಿನ ಸೀಸೆಗೆ ಮುಕ್ಕಾಲು ಭಾಗ ನೀರು ತುಂಬಿ, ಅಲುಗಾಡದ ಜಾಗದಲ್ಲಿ ರಾತ್ರಿ ಇಡಿ. ಬೆಳಗ್ಗೆ ಮೇಲ್ಭಾಗದಲ್ಲಿ ಹಸಿರು ಉಂಗುರ ಕಟ್ಟಿದ್ದರೆ ತೇಲುವ ನೀಲಿ-ಹಸಿರು ಪಾಚಿಯ ಅನುಮಾನ ಬಲವಾಗುತ್ತದೆ. ಹಸಿರು ತಳಕ್ಕೆ ಕೂತಿದ್ದರೆ ಸಾಮಾನ್ಯ ಹಸಿರು ಪಾಚಿಯೋ ಡಯಾಟಮ್ಮೋ ಇರಬಹುದು. ಕೂರದೆ ತೇಲದೆ ನೀರೆಲ್ಲ ಹಸಿರಾಗಿಯೇ ಉಳಿದಿದ್ದರೆ ಸೂಕ್ಷ್ಮದರ್ಶಕವೇ ಗತಿ.

ಎರಡನೆಯದು ಸಿರಿಂಜ್. ಸೂಜಿಯಿಲ್ಲದ ಪ್ಲಾಸ್ಟಿಕ್ ಸಿರಿಂಜಿಗೆ ಹಸಿರು ನೀರು ಎಳೆದುಕೊಂಡು, ಗಾಳಿ ಹೊರಹಾಕಿ, ಮೂತಿಯನ್ನು ಕೈಗವಸಿನ ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಹಿಡಿಯನ್ನು ಬಲವಾಗಿ ಒತ್ತಿ. ಮೈಕ್ರೊಸಿಸ್ಟಿಸ್ ಇದ್ದರೆ ಹಾಲು ಬೆರೆಸಿದಂತಿದ್ದ ಹಸಿರು ನಿಮ್ಮ ಕಣ್ಣೆದುರೇ ಗಾಢವಾಗಿ, ಪಾರದರ್ಶಕವಾಗಿ ತಿರುಗುತ್ತದೆ. ಬಿಟ್ಟು ನೋಡಿದರೆ ಕಣಗಳು ತೇಲುವ ಬದಲು ಮುಳುಗತೊಡಗುತ್ತವೆ. ಅವುಗಳ ಕೋಶದೊಳಗಿನ ಗಾಳಿಗೂಡುಗಳು ಒತ್ತಡಕ್ಕೆ ಕುಸಿದವು, ಬೆಳಕು ಚೆದುರಿಸುವುದು ನಿಂತಿತು, ಅದಕ್ಕೇ ಹೀಗೆ. ಇದು ಮಾಯಾಮಂತ್ರದಂತೆ ಕಂಡರೂ ಎಣಿಕೆಗೆ ನೇರ ಉಪಯೋಗವಿದೆ: ಲೂಗಾಲ್ ಹಾಕಿದರೂ ತೇಲುತ್ತಲೇ ಇರುವ ಗೊಂಚಲುಗಳನ್ನು ಹೀಗೆ ಒತ್ತಿ ಇಳಿಸದಿದ್ದರೆ, ತಳದಲ್ಲಿ ಕೂತವನ್ನು ಮಾತ್ರ ಎಣಿಸಿ, ಮುಖ್ಯ ಆರೋಪಿಯನ್ನೇ ಬಿಟ್ಟುಬಿಡುತ್ತೀರಿ.

ಹಂತ 4: ಗುರುತು ಹಿಡಿಯುವುದು

ಜಾತಿಯ ಪೂರ್ತಿ ಹೆಸರಿಗೆ ಮೊದಲ ವರ್ಷವೇ ಹೆಣಗಬೇಡಿ. ಕುಲದ ಮಟ್ಟಕ್ಕೆ ಬಂದರೆ ನಿರ್ವಹಣೆಯ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ನಾನೂರು ಪಟ್ಟು ದೊಡ್ಡದು ಮಾಡುವ ಸಾಮಾನ್ಯ ಸೂಕ್ಷ್ಮದರ್ಶಕ, ಕಣ್ಣುಗುಂಡಿನಲ್ಲಿ ಅಳತೆಪಟ್ಟಿ, ಮೊಬೈಲ್ ಕ್ಯಾಮೆರಾ ಸಾಕು. ಒಂದು ಹೊಸ ಆಕಾರ ಕಂಡಾಗಲೆಲ್ಲ ಚಿತ್ರ ತೆಗೆದು, ಪಕ್ಕದಲ್ಲಿ ಅಳತೆ ಬರೆದು, "ಗೊತ್ತಿಲ್ಲದ್ದು-7" ಎಂದಾದರೂ ಹೆಸರಿಡಿ. ತಪ್ಪು ಹೆಸರಿಗಿಂತ ನಂಬರ್ ವಾಸಿ.

ಯಾವುದು ಕಂಡರೆ ಏನರ್ಥ? ಕೆಲವನ್ನು ಹತ್ತಿರದಿಂದ ನೋಡೋಣ.

ಡೈನೋಬ್ರಯಾನ್ ಹೂದಾನಿಗಳನ್ನು ಒಂದರ ಬಾಯಲ್ಲೊಂದು ಜೋಡಿಸಿದ ಕೊಂಬೆಯಂತಿರುತ್ತದೆ. ಇದೂ, ಸ್ಟೌರಾಸ್ಟ್ರಂ-ಕಾಸ್ಮೇರಿಯಂನಂಥ ನಡು ಸಣ್ಣಗಿನ ಹಸಿರು ಪಾಚಿಗಳಾದ ಡೆಸ್ಮಿಡ್‌ಗಳ ಬಗೆಬಗೆಯ ಗುಂಪೂ ಕಂಡರೆ ನೀರಿನಲ್ಲಿ ರಂಜಕ ಕಡಿಮೆ ಎಂಬ ಊಹೆಗೆ ಬಲ ಬರುತ್ತದೆ. ಆದರೆ ಸ್ಟೌರಾಸ್ಟ್ರಂನ ಕೆಲವು ಜಾತಿಗಳು ಗೊಬ್ಬರದ ನೀರಲ್ಲೂ ಸುಖವಾಗಿರುತ್ತವೆ, ಒಂದನ್ನೇ ನೋಡಿ ತೀರ್ಪು ಕೊಡಬೇಡಿ.

ಅಲಾಕೊಸೀರಾ ಕೊಳವೆಯಾಕಾರದ ಕೋಶಗಳ ಉದ್ದನೆಯ ಸರ. ಅದರ ಗಾಜಿನಂಥ ಸಿಲಿಕಾ ಕವಚ ಭಾರ, ನೀರು ಕಲಕುತ್ತಿದ್ದರೆ ಮಾತ್ರ ತೇಲಿರುತ್ತದೆ. ಅದು ಹೇರಳವಾಗಿದ್ದರೆ ನೀರು ಮೇಲಿಂದ ಕೆಳಗೆ ತಿರುಗುತ್ತಿದೆ ಎಂದರ್ಥ. ಎರಡು ವಾರದಲ್ಲಿ ಅದು ಮಾಯವಾಗಿ ಆ ಜಾಗಕ್ಕೆ ತೇಲುವ ಜಾತಿಗಳು ಬಂದರೆ, ನೀರು ಪದರಗಟ್ಟಿ ನಿಂತಿದೆ, ಅಥವಾ ಸಿಲಿಕಾ ಮುಗಿದಿದೆ. ಉಷ್ಣತೆಯ ಪಟ್ಟಿ ತೆರೆದು ನೋಡಿದರೆ ಯಾವುದೆಂದು ತಿಳಿಯುತ್ತದೆ.

ಕ್ರಿಪ್ಟೊಮೊನಾಸ್ ಓರೆಯಾದ ಮೊಟ್ಟೆಯಂತಿದ್ದು, ಎರಡು ಬಾಲ ಬೀಸುತ್ತ ಈಜುತ್ತದೆ. ಪ್ರವಾಹವೋ ಬಿರುಗಾಳಿಯೋ ಬಂದು ಎಲ್ಲ ಅಸ್ತವ್ಯಸ್ತವಾದ ಮೇಲೆ ಬೇಗ ಎದ್ದು ನಿಲ್ಲುವವುಗಳಲ್ಲಿ ಇದೂ ಒಂದು.

ಯೂಗ್ಲೀನಾ, ಫ್ಯಾಕಸ್ ಹಿನ್ನೀರಿನಲ್ಲಿ ಹೆಚ್ಚಾದರೆ ಮೇಲಿನಿಂದ ಕೊಳಚೆಯೋ ಸಗಣಿಯ ನೀರೋ ಬರುತ್ತಿದೆಯೇ ಎಂದು ಹೊಳೆಯುದ್ದಕ್ಕೂ ನಡೆದು ನೋಡಿ. ಸೀನೆಡೆಸ್ಮಸ್, ಪೀಡಿಯಾಸ್ಟ್ರಂ ಬೆಳಕು ಮತ್ತು ಗೊಬ್ಬರ ಎರಡೂ ಧಾರಾಳವಾಗಿರುವ, ಆಳವಿಲ್ಲದ ನೀರಿನ ಗಿರಾಕಿಗಳು.

ನೀಲಿ-ಹಸಿರು ಪಾಚಿಗಳಿಗೆ ಹೆಚ್ಚು ಹೊತ್ತು ಕೊಡಿ. ಡಾಲಿಕೊಸ್ಪರ್ಮಂ ಮುತ್ತಿನ ಸರದಂತೆ. ನಡುನಡುವೆ ದಪ್ಪ ಗೋಡೆಯ, ತೆಳು ಬಣ್ಣದ ಒಂದು ಮುತ್ತು ಕಾಣುತ್ತದೆ. ಅದು ಹೆಟೆರೊಸೈಟ್, ಗಾಳಿಯ ಸಾರಜನಕವನ್ನು ಹಿಡಿಯುವ ಕೋಶ. ಇವು ಹೆಚ್ಚುತ್ತಿದ್ದರೆ ನೀರಿನ ಸಾರಜನಕ ಖಾಲಿಯಾಗುತ್ತ, ರಂಜಕ ಇನ್ನೂ ಉಳಿದಿದೆ ಎಂದು ಊಹಿಸಬಹುದು. ಮೈಕ್ರೊಸಿಸ್ಟಿಸ್ ಲೋಳೆಯೊಳಗೆ ಹುದುಗಿದ ಸಾವಿರಾರು ಚಿಕ್ಕ ಗುಂಡುಗಳ ಗೊಂಚಲು; ಬಿಸಿಲು, ನಿಂತ ನೀರು, ರಂಜಕ ಮೂರೂ ಸೇರಿದಾಗ ಬರುತ್ತದೆ. ರಾಫಿಡಿಯಾಪ್ಸಿಸ್ ತೆಳ್ಳಗಿನ ನೇರ ಎಳೆ, ತುದಿಯಲ್ಲಿ ಹನಿಯಾಕಾರದ ಹೆಟೆರೊಸೈಟ್. ಆ ತುದಿಕೋಶ ಇಲ್ಲದೆಯೂ ಇರಬಹುದು, ಆಗ ಬೇರೆ ಎಳೆಪಾಚಿ ಎಂದು ಮೋಸ ಹೋಗುವುದು ಸಾಮಾನ್ಯ.

ಹೆಸರುಗಳ ಗೋಜಲಿನ ಬಗ್ಗೆ ಒಂದು ಮಾತು. ತೇಲುವ ಅನಾಬೀನಾಗಳನ್ನು 2009ರಲ್ಲಿ ಡಾಲಿಕೊಸ್ಪರ್ಮಂ ಎಂದು ಬೇರೆ ಮಾಡಿದರು. ಸಿಲಿಂಡ್ರೊಸ್ಪರ್ಮಾಪ್ಸಿಸ್ ಈಚೆಗೆ ರಾಫಿಡಿಯಾಪ್ಸಿಸ್ ಆಯಿತು. ಹಳೆಯ ವರದಿಯಲ್ಲಿ ಇದ್ದದ್ದು ಹೊಸದರಲ್ಲಿ "ಕಣ್ಮರೆ"ಯಾದರೆ, ಪಾಚಿ ಹೋಗಿರಲಿಕ್ಕಿಲ್ಲ, ಹೆಸರು ಬದಲಾಗಿರಬಹುದು. ಆಲ್ಗೀಬೇಸ್ ಎಂಬ ಮುಕ್ತ ಜಾಲತಾಣದಲ್ಲಿ ಹಳೆಯ-ಹೊಸ ಹೆಸರುಗಳನ್ನು ತಾಳೆ ನೋಡಬಹುದು.

ಹಂತ 5: ಎಣಿಕೆ

ಲೂಗಾಲ್ ಹಾಕಿದ ಬಾಟಲಿಯನ್ನು ಅಳತೆ ಸಿಲಿಂಡರಿಗೆ ಸುರಿದು ಎರಡು ದಿನ ಬಿಡಿ. ಮೇಲಿನ ತಿಳಿಯನ್ನು ಸಣ್ಣ ಕೊಳವೆಯಿಂದ, ತಳ ಕದಡದಂತೆ, ಮೆಲ್ಲಗೆ ಹೀರಿ ತೆಗೆಯಿರಿ. ಉಳಿದದ್ದನ್ನು ಸೆಜ್‌ವಿಕ್-ರಾಫ್ಟರ್ ಎಣಿಕೆ ತಟ್ಟೆಗೆ ಹಾಕಿ. ಇದು 50 ಮಿಲಿಮೀಟರ್ ಉದ್ದ, 20 ಅಗಲ, 1 ಮಿಲಿಮೀಟರ್ ಆಳದ ತಟ್ಟೆ. ಸರಿಯಾಗಿ 1 ಮಿಲಿಲೀಟರ್ ಹಿಡಿಯುತ್ತದೆ, ಸಾವಿರ ಚೌಕಗಳಿರುತ್ತವೆ. ಮುಚ್ಚುಗಾಜನ್ನು ಓರೆಯಾಗಿಟ್ಟು ತುಂಬಿ, ಗಾಳಿಗುಳ್ಳೆ ಬಂದರೆ ಮತ್ತೆ ತುಂಬಿ, ಹದಿನೈದು ನಿಮಿಷ ಕೂರಲು ಬಿಡಿ. ಇದರ ಕೊರತೆಯೆಂದರೆ ಆಳದಿಂದಾಗಿ ಹೆಚ್ಚು ವರ್ಧನೆಯ ಮಸೂರ ಹತ್ತಿರ ಬರುವುದಿಲ್ಲ, ತೀರ ಸಣ್ಣವು ಕಾಣುವುದಿಲ್ಲ. ತಲೆಕೆಳಗಾದ ಸೂಕ್ಷ್ಮದರ್ಶಕ ಇದ್ದವರು ಜರ್ಮನಿಯ ಊಟರ್‌ಮೋಲ್ ರೂಪಿಸಿದ ಕೂರಿಸುವ ಕೋಶ ಬಳಸಲಿ. ನಿಖರತೆಗೆ ಅದೇ ಮೇಲು.

ಲೆಕ್ಕ ಹೀಗೆ. 500 ಮಿಲಿಲೀಟರ್ ನೀರು ಕೂತು 25 ಮಿಲಿಲೀಟರ್ ಆಯಿತು ಅನ್ನಿ, ಅಂದರೆ ಇಪ್ಪತ್ತು ಪಟ್ಟು ಗಟ್ಟಿ. ತಟ್ಟೆಯಲ್ಲಿ ಅಲ್ಲಲ್ಲಿ ಆರಿಸಿದ 100 ಚೌಕಗಳಲ್ಲಿ ಅಲಾಕೊಸೀರಾದ 240 ಸರ ಸಿಕ್ಕವು. 100 ಚೌಕ ಎಂದರೆ ಮಿಲಿಲೀಟರಿನ ಹತ್ತನೇ ಒಂದು. ಹಾಗಾಗಿ ಗಟ್ಟಿ ಮಾದರಿಯಲ್ಲಿ ಮಿಲಿಲೀಟರಿಗೆ 2,400. ಇಪ್ಪತ್ತರಿಂದ ಭಾಗಿಸಿದರೆ ಜಲಾಶಯದ ನೀರಿನಲ್ಲಿ ಮಿಲಿಲೀಟರಿಗೆ 120 ಸರ.

ಎಷ್ಟು ಎಣಿಸಿದರೆ ಸಾಕು? 100 ಎಣಿಸಿದರೆ ತಪ್ಪು ಸುಮಾರು ಶೇಕಡಾ 20 ಆಚೀಚೆ, 400 ಎಣಿಸಿದರೆ ಶೇಕಡಾ 10. ಅದನ್ನು ಶೇಕಡಾ 5ಕ್ಕೆ ಇಳಿಸಲು 1,600 ಎಣಿಸಬೇಕು; ಕುತ್ತಿಗೆ ನೋವು ಬಿಟ್ಟರೆ ಅದರಿಂದ ಹೆಚ್ಚು ಲಾಭವಿಲ್ಲ. ಒಟ್ಟು 400ಕ್ಕೆ ನಿಲ್ಲಿಸಿ. ಸರವನ್ನೋ ಗೊಂಚಲನ್ನೋ ಒಂದು ಎಂದು ಎಣಿಸುತ್ತಿದ್ದೀರಾ, ಕೋಶ ಕೋಶ ಎಣಿಸುತ್ತಿದ್ದೀರಾ ಎಂಬುದನ್ನು ಪುಟದ ತಲೆಯಲ್ಲೇ ಬರೆಯಿರಿ. ಈ ಒಂದು ಸಾಲು ಬಿಟ್ಟುಹೋಗಿದ್ದಕ್ಕೆ ವರ್ಷಗಳ ದಾಖಲೆ ಹೋಲಿಕೆಗೆ ಬಾರದಂತಾದದ್ದನ್ನು ನೋಡಿದ್ದೇನೆ.

ಸಂಖ್ಯೆಗೇ ನಿಲ್ಲಬೇಡಿ, ಗಾತ್ರಕ್ಕೆ ಹೋಗಿ. ಎರಡು ಮೈಕ್ರೋಮೀಟರ್ ಅಡ್ಡಳತೆಯ ಗುಂಡುಕೋಶದ ಗಾತ್ರ ಸುಮಾರು 4 ಘನ ಮೈಕ್ರೋಮೀಟರ್. ದೊಡ್ಡ ಸೆರಾಟಿಯಂ ಒಂದೇ 40,000ದ ಆಸುಪಾಸು. ಹತ್ತು ಸಾವಿರ ಗುಂಡುಗಳೂ ಒಂದು ಸೆರಾಟಿಯಮ್ಮೂ ಒಂದೇ ತೂಕ! ಬರೀ ಸಂಖ್ಯೆ ನೋಡಿದರೆ ಸೆರಾಟಿಯಂ ಲೆಕ್ಕಕ್ಕೇ ಬರುವುದಿಲ್ಲ. ಪ್ರತಿ ಕುಲಕ್ಕೂ ಹತ್ತಿರದ ಜ್ಯಾಮಿತಿಯ ಆಕಾರ ಹಚ್ಚಿ, ಇಪ್ಪತ್ತು-ಮೂವತ್ತು ಕೋಶಗಳನ್ನು ಅಳೆದು, ಸರಾಸರಿ ತೆಗೆಯಿರಿ. ಮೇಲಿನ ಅಲಾಕೊಸೀರಾ ಸರ 8 ಮೈಕ್ರೋಮೀಟರ್ ಅಡ್ಡಳತೆ, 100 ಉದ್ದದ ಕೊಳವೆ ಎಂದರೆ ಸುಮಾರು 5,000 ಘನ ಮೈಕ್ರೋಮೀಟರ್. ಮಿಲಿಲೀಟರಿಗೆ 120 ಸರ ಇದ್ದರೆ ಲೀಟರಿಗೆ 0.6 ಘನ ಮಿಲಿಮೀಟರ್. ಇದನ್ನು ಜೈವಿಕ ಗಾತ್ರ ಎನ್ನುತ್ತಾರೆ, ಹೋಲಿಕೆಗೆಲ್ಲ ಇದೇ ಸರಿಯಾದ ಮಾನ.

ಹಂತ 6: ಕ್ಲೋರೋಫಿಲ್

ಗಾಜುನಾರಿನ ಸೋಸುಕಾಗದದ ಮೂಲಕ ಅಳತೆ ಮಾಡಿದ ನೀರನ್ನು ಮಂದ ಬೆಳಕಿನಲ್ಲಿ ಸೋಸಿ. ಕಾಗದ ಹಸಿರಾಗುವವರೆಗೆ, ಕಟ್ಟಿಕೊಳ್ಳುವ ಮೊದಲು. ಶೇಕಡಾ 90ರ ಅಸಿಟೋನ್‌ನಲ್ಲಿ ಅರೆದು ಒಂದು ರಾತ್ರಿ ಫ್ರಿಜ್ಜಿನ ಕತ್ತಲಲ್ಲಿಟ್ಟು, ತಿರುಗುಯಂತ್ರದಲ್ಲಿ (ಸೆಂಟ್ರಿಫ್ಯೂಜ್) ತಿಳಿಗೊಳಿಸಿ, ಸ್ಪೆಕ್ಟ್ರೊಫೋಟೋಮೀಟರಿನಲ್ಲಿ 665 ಮತ್ತು 750 ನ್ಯಾನೋಮೀಟರಿನಲ್ಲಿ ಓದಿ. ನೀರು ಬೆರೆಸಿ ತೆಳುಮಾಡಿದ ಹೈಡ್ರೊಕ್ಲೋರಿಕ್ ಆಮ್ಲ ಒಂದು ಹನಿ ಹಾಕಿ ಒಂದೂವರೆ ನಿಮಿಷದ ನಂತರ ಮತ್ತೆ ಓದಿದರೆ, ಜೀವಂತ ಕ್ಲೋರೋಫಿಲ್ ಎಷ್ಟು, ಸತ್ತು ಕೊಳೆತದ್ದೆಷ್ಟು ಎಂದು ಬೇರ್ಪಡಿಸಬಹುದು. 750ರ ಓದುವಿಕೆಯನ್ನು ಎರಡರಲ್ಲೂ ಕಳೆಯಲು ಮರೆಯಬೇಡಿ, ಅದು ಬಗ್ಗಡದ ಪಾಲು. ಅಸಿಟೋನ್ ಬೆಂಕಿಗೆ ಬೇಗ ಹತ್ತುತ್ತದೆ, ಕಿಟಕಿ ತೆರೆದಿಡಿ.

ಹಂತ 7: ಅಂಕಿಗಳನ್ನು ಎದುರುಬದುರು ಕೂರಿಸುವುದು

ಅಮೆರಿಕದ ರಾಬರ್ಟ್ ಕಾರ್ಲ್‌ಸನ್ 1977ರಲ್ಲಿ ಕೊಟ್ಟ ಪೋಷಣಾ ಸೂಚ್ಯಂಕ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಸೆಕ್ಕಿ ಆಳದ ಸಹಜ ಲಾಗರಿದಮ್ಮನ್ನು 14.41ರಿಂದ ಗುಣಿಸಿ 60ರಿಂದ ಕಳೆಯಿರಿ. ಕ್ಲೋರೋಫಿಲ್‌ಗೆ, ಅದರ ಲಾಗರಿದಮ್ಮನ್ನು 9.81ರಿಂದ ಗುಣಿಸಿ 30.6 ಕೂಡಿಸಿ. 40ಕ್ಕಿಂತ ಕೆಳಗೆ ಪೋಷಕಾಂಶ ಬಡ ನೀರು, 40ರಿಂದ 50 ನಡುವಿನದು, 50ರ ಮೇಲೆ ಪೋಷಕಾಂಶ ಹೆಚ್ಚಿದ ನೀರು, 70 ದಾಟಿದರೆ ವಿಪರೀತ.

ಇದರ ನಿಜವಾದ ಸ್ವಾರಸ್ಯ ಎರಡು ಅಂಕಿಗಳು ಜಗಳವಾಡಿದಾಗ. ಪ್ರವಾಹದ ಮರುವಾರ ಸೆಕ್ಕಿ ಆಳ 0.8 ಮೀಟರ್, ಕ್ಲೋರೋಫಿಲ್ 4 ಬಂತು ಅನ್ನಿ. ಮೊದಲನೆಯದರ ಸೂಚ್ಯಂಕ 63, ಎರಡನೆಯದರದ್ದು 44. ನೀರು ಮಸುಕಾಗಿರುವುದು ಪಾಚಿಯಿಂದಲ್ಲ, ಹೂಳಿನಿಂದ. ಸೆಕ್ಕಿಯನ್ನು ಮಾತ್ರ ನಂಬಿದ್ದರೆ ಪಾಚಿಯ ಮೇಲೆ ಸುಳ್ಳು ದೂರು ಹೊರಿಸುತ್ತಿದ್ದಿರಿ. ಹೂಳು ಬರುವ ಜಲಾಶಯಗಳಲ್ಲಿ ಇದು ವರ್ಷವರ್ಷವೂ ಆಗುವ ತಪ್ಪು.

ಕೊಳಚೆಯ ಅನುಮಾನವಿದ್ದರೆ ಅಮೆರಿಕದ ಪಾಮರ್ 1969ರಲ್ಲಿ ಪ್ರಕಟಿಸಿದ 20 ಕುಲಗಳ ಪಟ್ಟಿ ಸುಲಭ. ಯೂಗ್ಲೀನಾ, ಆಸಿಲಟೋರಿಯಾಗಳಿಗೆ 5 ಅಂಕ, ಸೀನೆಡೆಸ್ಮಸ್‌ಗೆ 4, ನಿಟ್ಶಿಯಾ, ನ್ಯಾವಿಕ್ಯುಲಾಗಳಿಗೆ 3, ಹೀಗೆ. ಮೊತ್ತ 20 ಮುಟ್ಟಿದರೆ ಸಾವಯವ ಮಾಲಿನ್ಯ ಹೆಚ್ಚು ಎನ್ನಬಹುದು. ನಾನಿದನ್ನು ಎಚ್ಚರಿಕೆಯ ಗಂಟೆಯಂತೆ ಬಳಸುತ್ತೇನೆ, ತಕ್ಕಡಿಯಂತಲ್ಲ. ಕುಲದ ಮಟ್ಟದ ಪಟ್ಟಿಯಾದ್ದರಿಂದ ಶುದ್ಧ ನೀರಿನ ನ್ಯಾವಿಕ್ಯುಲಾಕ್ಕೂ ಅದೇ ಅಂಕ ಸಿಗುತ್ತದೆ.

ಕಲ್ಲಿಗೆ ಅಂಟಿದ ಡಯಾಟಮ್‌ಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬೇಯಿಸಿ, ಖಾಲಿ ಕವಚಗಳನ್ನು ಎಣಿಸುವ ವಿಧಾನ ಹೊಳೆಗಳಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಜಲಾಶಯದಲ್ಲಿ ತೊಡಕಿದೆ. ನೀರಿನ ಮಟ್ಟ ಏರಿಳಿಯುತ್ತಲೇ ಇರುವುದರಿಂದ ದಡದ ಕಲ್ಲು ಹೋದ ವಾರವಷ್ಟೇ ಮುಳುಗಿರಬಹುದು. ಕನಿಷ್ಠ ನಾಲ್ಕು ವಾರ ನೀರಿನಲ್ಲಿದ್ದ ಕಲ್ಲೆಂದು ಮಟ್ಟದ ದಾಖಲೆ ನೋಡಿ ಖಾತ್ರಿಯಾದ ಮೇಲೆ ಮುಟ್ಟಿ. ಒಳಹರಿವಿನ ತೊರೆಗಳಲ್ಲಿ ಈ ವಿಧಾನ ಬಳಸಿ, ಯಾವ ತೊರೆ ಕೊಳಕು ತರುತ್ತಿದೆ ಎಂದು ಪತ್ತೆ ಮಾಡುವುದು ಹೆಚ್ಚು ಫಲದಾಯಕ.

ಹಂತ 8: ದಾಖಲೆ

ಪ್ರತಿ ಭೇಟಿಗೆ ಒಂದು ಪುಟ. ನೀರಿನ ಮಟ್ಟ, ಹಿಂದಿನ ಹದಿನೈದು ದಿನದ ಒಳಹರಿವು-ಹೊರಹರಿವು, ಗಾಳಿಯ ದಿಕ್ಕು, ಎಣಿಸಿದವರ ಹೆಸರು. ಎಣಿಸುವವರು ಬದಲಾದರೆ ಒಂದೇ ಬಾಟಲಿಯನ್ನು ಇಬ್ಬರೂ ಎಣಿಸಿ ವ್ಯತ್ಯಾಸ ಬರೆದಿಡಿ. ಹೋದ ವರ್ಷದ ಬಾಟಲಿಗಳನ್ನು ಎಸೆಯಬೇಡಿ. ಅಯೋಡಿನ್ ಆರಿಹೋಗುತ್ತದೆ, ಮೂರು ತಿಂಗಳಿಗೊಮ್ಮೆ ಕಪಾಟು ತೆರೆದು, ಬಣ್ಣ ಮಾಸಿದ್ದಕ್ಕೆ ನಾಲ್ಕು ಹನಿ ಹಾಕಿ. ನಾನು ಒಮ್ಮೆ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಇಟ್ಟು ಮರೆತೆ. ಪ್ಲಾಸ್ಟಿಕ್ ಅಯೋಡಿನ್ ಹೀರಿಕೊಂಡು ತಾನು ಹಳದಿಯಾಯಿತು, ಒಳಗಿನ ನೀರು ತಿಳಿಯಾಯಿತು, ಪಾಚಿ ಕೊಳೆತುಹೋಯಿತು. ಹನ್ನೊಂದು ತಿಂಗಳ ಮಾದರಿ ಮೋರಿಗೆ.

ಹಂತ 9: ಎಣಿಕೆ ಗಡಿ ದಾಟಿದ ದಿನ

ಕುಡಿಯುವ ನೀರಿನ ಜಲಾಶಯವಾದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ನೀಲಿ-ಹಸಿರು ಪಾಚಿಗೆ ಎರಡು ಮೆಟ್ಟಿಲುಗಳಿವೆ. ಜೈವಿಕ ಗಾತ್ರ ಲೀಟರಿಗೆ 0.3 ಘನ ಮಿಲಿಮೀಟರ್, ಅಥವಾ ನೀಲಿ-ಹಸಿರು ಪಾಚಿಯೇ ಮೇಲುಗೈ ಆಗಿರುವಾಗ ಕ್ಲೋರೋಫಿಲ್ 1 ಮೈಕ್ರೋಗ್ರಾಂ, ಮೊದಲನೆಯದು; 4 ಘನ ಮಿಲಿಮೀಟರ್ ಅಥವಾ 12 ಮೈಕ್ರೋಗ್ರಾಂ ಎರಡನೆಯದು. ನಮ್ಮ ಅಲಾಕೊಸೀರಾದ ಲೆಕ್ಕದಲ್ಲಿ ಬಂದ 0.6 ನೆನಪಿದೆಯೇ? ಡಯಾಟಮ್ ಆದ್ದರಿಂದ ಅದು ನಿರುಪದ್ರವಿ. ಅದೇ 0.6 ರಾಫಿಡಿಯಾಪ್ಸಿಸ್ ಆಗಿದ್ದರೆ ಆ ದಿನವೇ ಘಟಕಕ್ಕೆ ತಿಳಿಸಬೇಕು, ವಿಷದ ಪರೀಕ್ಷೆಗೆ ನೀರು ಕಳಿಸಬೇಕು, ಮಾದರಿ ತೆಗೆಯುವುದನ್ನು ವಾರಕ್ಕೊಮ್ಮೆಗೆ ಏರಿಸಬೇಕು. ಪಾಚಿಗೆ ವಿಷದ ಕೆಟ್ಟ ಹೆಸರಿದ್ದ ಮಾತ್ರಕ್ಕೆ ವಿಷ ಇದ್ದೇ ಇರುತ್ತದೆ ಎಂದಿಲ್ಲ. ಒಂದೇ ಜಾತಿಯಲ್ಲಿ ವಿಷ ಮಾಡುವ ತಳಿಗಳೂ ಮಾಡದ ತಳಿಗಳೂ ಇರುತ್ತವೆ, ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ. ಕುಡಿಯುವ ನೀರಿನಲ್ಲಿ ಮೈಕ್ರೊಸಿಸ್ಟಿನ್-ಎಲ್‌ಆರ್ ಎಂಬ ವಿಷಕ್ಕೆ ಆಜೀವ ಬಳಕೆಯ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ.

ಆಗ ಯಾರಾದರೊಬ್ಬರು ಮೈಲುತುತ್ತ ಸುರಿಯೋಣ ಎನ್ನುತ್ತಾರೆ. ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ 1979ರಲ್ಲಿ ಅದನ್ನೇ ಮಾಡಿದರು. ಸಾಲೊಮನ್ ಅಣೆಕಟ್ಟಿನ ನೀರಿನಲ್ಲಿ ಪಾಚಿ ಹೆಚ್ಚಾಗಿ ರುಚಿ-ವಾಸನೆ ಕೆಟ್ಟಿದೆಯೆಂದು ತಾಮ್ರದ ಸಲ್ಫೇಟ್ ಹಾಕಲಾಯಿತು. ಅದಾಗಿ ಒಂದು ವಾರದೊಳಗೆ ಜನ ವಾಂತಿ, ಯಕೃತ್ತಿನ ಊತ, ಮೂತ್ರಪಿಂಡದ ತೊಂದರೆಯಿಂದ ಬೀಳತೊಡಗಿದರು. 148 ಮಂದಿ ಕಾಯಿಲೆ ಬಿದ್ದರು, ಅವರಲ್ಲಿ ಬಹುತೇಕರು ಮಕ್ಕಳು. ಆ ಜಲಾಶಯದಿಂದ ಆಮೇಲೆ ಬೇರ್ಪಡಿಸಿದ ಪಾಚಿ ರಾಫಿಡಿಯಾಪ್ಸಿಸ್, ವಿಷ ಸಿಲಿಂಡ್ರೊಸ್ಪರ್ಮಾಪ್ಸಿನ್. ಕೋಶದೊಳಗೆ ಇದ್ದ ವಿಷವನ್ನು ತಾಮ್ರ ಒಡೆದು ನೀರಿಗೆ ಸುರಿದಿತ್ತು. ಇಡಿಯಾಗಿರುವ ಕೋಶವನ್ನು ಘಟಕದ ಸೋಸುಕ ಹಿಡಿಯಬಲ್ಲದು, ಕರಗಿದ ವಿಷವನ್ನಲ್ಲ.

ಆದ್ದರಿಂದ ಗಡಿ ದಾಟಿದ ದಿನ ಮೊದಲು ನೋಡಬೇಕಾದದ್ದು ಆಳದ ಪಟ್ಟಿ: ಪಾಚಿ ಕಡಿಮೆಯಿರುವ ಆಳದ ತೂಬಿಗೆ ನೀರೆತ್ತುವುದನ್ನು ಬದಲಿಸಲು ಆಗುತ್ತದೆಯೇ? ಆ ಆಳದಲ್ಲಿ ಆಮ್ಲಜನಕ ಇದೆಯೇ? ಇಲ್ಲದಿದ್ದರೆ ಕಬ್ಬಿಣ, ಮ್ಯಾಂಗನೀಸ್ ಬಂದು ಇನ್ನೊಂದು ತಲೆನೋವು. ಘಟಕದಲ್ಲಿ ಸೋಸುವ ಮೊದಲೇ ಕ್ಲೋರಿನ್ ಹಾಕುತ್ತಿದ್ದರೆ ಅದನ್ನು ನಿಲ್ಲಿಸಿ, ಸೋಸಿದ ಮೇಲೆ ಹಾಕಲು ಹೇಳಿ. ಅದೂ ಕೋಶ ಒಡೆಯುತ್ತದೆ. ಪಾಚಿ ತಾನಾಗಿ ಸತ್ತು ನೀರು ತಿಳಿಯಾದ ಮೇಲೂ ಕರಗಿದ ವಿಷ ಕೆಲವು ವಾರ ಉಳಿಯಬಹುದು. ಎಣಿಕೆ ಸೊನ್ನೆಗೆ ಬಂತೆಂದು ವಿಷದ ಪರೀಕ್ಷೆಯನ್ನು ಅಂದೇ ನಿಲ್ಲಿಸಬೇಡಿ. ಸತತ ಎರಡು ಮಾದರಿಗಳಲ್ಲಿ ವಿಷ ಸಿಗದಿರುವವರೆಗೆ ವಾರಕ್ಕೊಂದು ಬಾಟಲಿ ಹೋಗುತ್ತಲೇ ಇರಲಿ.